ನಡುವಿನ ನಲವತ್ತು ದಿನಗಳು

ಲಿಫ್ಟ್ ಕೆಟ್ಟು ಅದು ಮೂರನೇ ದಿನ. ನಾಲ್ಕನೇ ಮಹಡಿಯ ಆ ಪುಟ್ಟ ಸಲೂನಿಗೆ ಬೆಳಗಿನಿಂದ ಬಂದವರು ಇಬ್ಬರೇ. ಇಬ್ಬರೂ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದು, ಕಟ್ಟಡದ ಮಾಲೀಕನನ್ನು ಮನಸಾರೆ ಬೈದ ಮೇಲೆಯೇ ತಲೆ ಒಪ್ಪಿಸಿದ್ದರು. ಹಾಗಾಗಿ ಹನ್ನೊಂದರ ಹೊತ್ತಿಗೆ ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡು, ನೀಲಿ ಅಂಗಿಯ ತೋಳಿನಲ್ಲಿ ಗ್ರೀಸ್ ಕಲೆ ಇದ್ದ ಒಬ್ಬ ಬಾಗಿಲು ತಳ್ಳಿದಾಗ, ಅವನು ಬಾಯಿ ತೆರೆಯುವವರೆಗೂ ಸಲೂನ್ ನಡೆಸುತ್ತಿದ್ದ ಅವಳು ಕಾಯಲಿಲ್ಲ.

“ಈಗ ಬಂದ್ರಾ? ಮೂರು ದಿನದಿಂದ ಫೋನ್ ಮಾಡಿ ಮಾಡಿ ಸಾಕಾಯ್ತು. ವಯಸ್ಸಾದವರು, ಮಂಡಿನೋವಿನವರು ಇಲ್ಲಿಗೆ ಹೇಗೆ ಹತ್ಬೇಕು ಹೇಳಿ. ನಿಮ್ಮ ಕಂಪನಿಯವರು ಹತ್ತಿ ನೋಡಿದ್ದಾರಾ ಒಂದಿನ?”

ಅವನು ಏನೋ ಹೇಳಲು ಹೊರಟ. ಅವಳ ಕೈಯ ಬಾಚಣಿಗೆ ತನ್ನ ಕಡೆಗೇ ತಿರುಗಿರುವುದನ್ನು ನೋಡಿ ಸುಮ್ಮನಾದ.

“ಎಷ್ಟನೇ ಮಹಡಿಯಲ್ಲಿ ನಿಂತಿದೆ?”

“ಎರಡರಲ್ಲಿ. ಬಾಗಿಲು ಹಾಕ್ಕೊಳ್ಳೋಕೆ ಹೋಗುತ್ತೆ, ಮತ್ತೆ ತೆಗೆಯುತ್ತೆ. ಮನಸ್ಸಿಲ್ಲದ ಮನೆಯವರ ಥರ.”

“ನೋಡ್ತೀನಿ,” ಎಂದು ಹೊರಟುಹೋದ.

ನಲವತ್ತು ನಿಮಿಷದ ಮೇಲೆ ಕಾರಿಡಾರಿನಲ್ಲಿ ಲಿಫ್ಟಿನ ಗಂಟೆ ಟಿಣ್ ಎಂದಿತು. ಅವಳಿಗೆ ಸಂತೋಷದಿಂದ ಕುಣಿಯುವಂತಾಯಿತು. ಬಾಗಿಲಿಗೆ ಬಂದು ನೋಡಿದರೆ ಅದೇ ಮನುಷ್ಯ ಲಿಫ್ಟಿನಿಂದ ಇಳಿಯುತ್ತಿದ್ದ. ಜೊತೆಯಲ್ಲಿ ಐವತ್ತರ ಹತ್ತಿರದ ಒಬ್ಬ ಹೆಂಗಸು. ಬಲಗೈ ಎದೆಗೆ ಕಟ್ಟಿದ ಪಟ್ಟಿಯಲ್ಲಿತ್ತು, ಎಡ ಮಣಿಕಟ್ಟಿಗೆ ಪ್ಲಾಸ್ಟರ್, ತಲೆಗೆ ಬಿಗಿಯಾಗಿ ಸುತ್ತಿದ ಹತ್ತಿಯ ಬಟ್ಟೆ.

“ಅಕ್ಕನಿಗೆ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್ ಇತ್ತು,” ಎಂದ ಅವನು, ತಪ್ಪು ಮಾಡಿದವನಂತೆ. “ಸ್ವಲ್ಪ ಲೇಟಾಯ್ತು. ಲಿಫ್ಟ್ ಕೆಟ್ಟಿತ್ತು.”

“ನೀವು… ಕಂಪನಿಯವರಲ್ವಾ?”

“ಲಿಫ್ಟ್ ಮೆಕ್ಯಾನಿಕ್ಕೇ. ಆದ್ರೆ ಈ ಲಿಫ್ಟಿನವನಲ್ಲ. ಅಕ್ಕನಿಗೆ ಹತ್ತೋಕಾಗಲ್ಲ, ಬೇರೆ ದಿನ ಕೊಡ್ತೀರಾ ಅಂತ ಕೇಳೋಕೆ ಬಂದಿದ್ದೆ. ನೀವು ಹೇಳಿದ್ಮೇಲೆ ಹೋಗಿ ನೋಡಿದೆ. ಬಾಗಿಲಿನ ಸೆನ್ಸರ್ ಮೇಲೆ ಧೂಳು, ಅಷ್ಟೇ. ವಾಚ್‌ಮನ್ ಬೀಗ ತೆಗೆದುಕೊಟ್ಟ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಳು. ಎಮ್ಮೆ ಮಾತಾಡದೆ ಹೋಗಿ ಎತ್ತಿನ ಜ್ವರ ವಾಸಿ ಮಾಡಿಕೊಂಡು ಬಂದಿತ್ತು. ಅವಳ ಕಿವಿ ಬಿಸಿಯಾಯಿತು. ಕುರ್ಚಿಯನ್ನು ಎರಡು ಸಲ ಒರೆಸಿದಳು.

ಅಕ್ಕ ಕೂತಳು. ದೊಡ್ಡ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್. ಕೈ ಎರಡೂ ಕಟ್ಟಿಹೋಗಿದ್ದರೂ ಬೆನ್ನು ಮಾತ್ರ ಬೆಳಗಿನ ಪ್ರಾರ್ಥನೆಗೆ ನಿಂತವಳಂತೆ ನೆಟ್ಟಗಿತ್ತು. ಶಾಲೆಯ ಮೆಟ್ಟಿಲಿನಿಂದ ಜಾರಿಬಿದ್ದು ಬಲ ಭುಜದ ಮೂಳೆಯೂ ಎಡ ಮಣಿಕಟ್ಟೂ ಮುರಿದು, ಆಪರೇಷನ್ ಆಗಿ, ಮೂರು ವಾರ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದಳು.

ತಲೆಯ ಬಟ್ಟೆ ಬಿಚ್ಚಿದಾಗ ಸಲೂನಿನವಳು ಒಂದು ಕ್ಷಣ ಉಸಿರು ಹಿಡಿದಳು. ಸೊಂಟದವರೆಗೆ ಇಳಿದಿರಬೇಕಾದ ಕೂದಲು ದಿಂಬಿಗೆ ಉಜ್ಜಿ, ಬೆವರಿ, ಒಣಗಿ, ಬೆನ್ನ ಮೇಲೆ ಒಂದೇ ಮುದ್ದೆಯಾಗಿ ಕೂತಿತ್ತು. ಬೆರಳು ತೂರಿಸಲು ಸಂದಿ ಇರಲಿಲ್ಲ.

“ಎರಡು ಕಡೆ ತೋರಿಸಿದ್ವಿ,” ಎಂದಳು ಅಕ್ಕ. “ಇಬ್ಬರೂ ಕತ್ತರಿ ತಗೊಂಡೇ ಬಂದ್ರು. ನೀನು ನಂಗೆ ಸುತ್ತಿ ಬಳಸಿ ಹೇಳ್ಬೇಡ ಕಣಮ್ಮ. ಉಳಿಯುತ್ತೋ, ಹೋಗುತ್ತೋ?”

ಅವಳು ಆ ಮುದ್ದೆಯ ಅಂಚಿನಲ್ಲಿ ಒಂದೊಂದೇ ಬೆರಳಿಟ್ಟು ಒತ್ತಿ ನೋಡಿದಳು. ಬುಡದ ಹತ್ತಿರ ಮೂಗು ತಂದಳು. ಒಂದು ಎಳೆ ಹಿಡಿದು ಮೆಲ್ಲಗೆ ಎಳೆದು ಬಿಟ್ಟಳು. ಅದು ತುಂಡಾಗದೆ ವಾಪಸ್ ಹೋಯಿತು.

“ಉಳಿಯುತ್ತೆ ಟೀಚರಕ್ಕ. ಆದ್ರೆ ನೀವು ನಂಗೆ ಇವತ್ತಿನ ಇಡೀ ದಿನ ಕೊಡ್ಬೇಕು.”

“ತಗೋ. ನನ್ನ ಜುಟ್ಟು ಹೆಂಗೂ ನಿನ್ನ ಕೈಯಲ್ಲೇ ಇದೆ.”

ಐದು ಗಂಟೆ ಹಿಡಿಯಿತು. ಕಂಡೀಷನರ್ ಮೆತ್ತಿ, ನೆನೆಸಿ, ತುದಿಯಿಂದ ಶುರುಮಾಡಿ ಅವಳು ಬೆಣ್ಣೆಯಿಂದ ಕೂದಲು ತೆಗೆದಂತೆ ಒಂದೊಂದೇ ಎಳೆಯನ್ನು ಬಿಡಿಸುತ್ತಾ ಮೇಲಕ್ಕೆ ಹೋದಳು. ಬಿಡಿಸಿದ್ದನ್ನು ಯಾರಾದರೂ ಹಿಡಿದುಕೊಳ್ಳಬೇಕಿತ್ತು, ಇಲ್ಲವಾದರೆ ಮತ್ತೆ ಸಿಕ್ಕಾಗುತ್ತಿತ್ತು. ಅವನು ಕೈ ತೊಳೆದು ಬಂದು ಸ್ಟೂಲಿನ ಮೇಲೆ ಕೂತು, ಎರಡೂ ಅಂಗೈ ಚಾಚಿದ. ಗಂಟೆ ಕಳೆದಂತೆ ಆ ಅಂಗೈಗಳ ಮೇಲೆ ಒದ್ದೆಯಾದ ಕಪ್ಪು ಬಿಳಿ ಕೂದಲು ಒಂದು ಹೊಳೆಯಂತೆ ಬಂದು ಸೇರಿತು. ಅವನು ಅಲ್ಲಾಡಲಿಲ್ಲ. ಮೂಗು ತುರಿಸಿದಾಗಲೂ ಮುಖವನ್ನೇ ಬಾಗಿಸಿ ಭುಜಕ್ಕೆ ಉಜ್ಜಿಕೊಂಡ. ಅವಳು ಕನ್ನಡಿಯಲ್ಲಿ ಅದನ್ನು ನೋಡಿದಳು, ನೋಡಿ ನಕ್ಕಿದ್ದನ್ನು ಅವನು ನೋಡಿದ.

“ಕೂದಲು ತಿಂಗಳಿಗೆ ಅರ್ಧ ಇಂಚು ಬೆಳೆಯುತ್ತೆ,” ಎಂದಳು, ನಗು ಮರೆಸಲು. “ವರ್ಷಕ್ಕೆ ಆರು. ಟೀಚರಕ್ಕಂದು ಮೂವತ್ತಿಂಚು ಇದೆ. ಅಂದ್ರೆ ನಿಮ್ಮ ಕೈಯಲ್ಲಿ ಈಗ ಹಿಡ್ಕೊಂಡಿದ್ದೀರಲ್ಲ, ಆ ತುದಿ, ಅದು ತಲೆಯಿಂದ ಹೊರಗೆ ಬಂದು ಐದು ವರ್ಷ ಆಯ್ತು.”

ಅಕ್ಕ ಕನ್ನಡಿಯಲ್ಲಿ ತಮ್ಮನನ್ನು ನೋಡಿದಳು.

“ಅಮ್ಮ ಹೋಗಿ ನಾಲ್ಕು ವರ್ಷ,” ಎಂದಳು.

ಲೆಕ್ಕ ಸುಲಭವಿತ್ತು. ಕೊನೆಯ ಆರು ಇಂಚು ಅಮ್ಮ ಇದ್ದ ಕಾಲದ್ದು. ಆ ಕೂದಲಿಗೆ ಅಮ್ಮ ಎಣ್ಣೆ ಹಚ್ಚಿದ್ದಳು, ಸಂಜೆ ಬಾಲ್ಕನಿಯಲ್ಲಿ ಕೂರಿಸಿಕೊಂಡು, ಇಷ್ಟು ದೊಡ್ಡವಳಾದರೂ ತಲೆ ಬಾಚಿಕೊಳ್ಳಲು ಬರುವುದಿಲ್ಲವಲ್ಲೇ ಎಂದು ಬೈಯುತ್ತಾ ಬಾಚಿದ್ದಳು. ಅವನು ತನ್ನ ಅಂಗೈ ಕಡೆ ನೋಡಿದ. ಅಲ್ಲಿ ಬೇರೆ ಯಾರೋ ಬಂದು ಕೂತಿದ್ದಾರೆ ಎಂಬಂತೆ ಬೆರಳುಗಳನ್ನು ಇನ್ನಷ್ಟು ಅಗಲ ಮಾಡಿದ.

ಹನ್ನೆರಡು ವರ್ಷದಿಂದ ಕತ್ತರಿ ಹಿಡಿದವಳು ಅವಳು. ಕೂದಲನ್ನು ಯಾರೂ ಹಾಗೆ ಹಿಡಿದದ್ದನ್ನು ಅದುವರೆಗೆ ನೋಡಿರಲಿಲ್ಲ.

ಸಂಜೆ ಎಲ್ಲ ಮುಗಿದು ಅಕ್ಕನ ಕೂದಲು ಬೆನ್ನ ಮೇಲೆ ಹರಡಿ ಒಣಗುತ್ತಿದ್ದಾಗ ಅವಳು ಕೈ ಒರೆಸಿಕೊಳ್ಳುತ್ತಾ ಹೇಳಿದಳು. “ಇಲ್ಲಿ ನಾನು ಮಾಡೋದು ಒಂದು ದಿನದ ಕೆಲಸ. ಇನ್ನು ನೀವು ಬರೋದು ನಲವತ್ತು ದಿನದ ಮೇಲೆ. ಕೂದಲು ಉಳಿಯೋದು, ಹಾಳಾಗೋದು ಆ ನಲವತ್ತು ದಿನದಲ್ಲಿ. ಮನೆಯಲ್ಲಿ ಯಾರು ನೋಡ್ಕೋತಾರೆ?”

“ಮನೆಯಲ್ಲಿ ಇರೋದು ನಾವಿಬ್ಬರೇ,” ಎಂದಳು ಅಕ್ಕ. “ಇವನ ಕೈ ಕಬ್ಬಿಣದ ಕೈ. ಚಹಾ ಕಪ್ಪಿನ ಹಿಡಿ ಮುರಿಯುತ್ತೆ.”

ಅವನಾಗಲೇ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಿದ್ದ. ಲಿಫ್ಟುಗಳ ಸರ್ವೀಸ್ ಬರೆದಿಡುವ ಪುಸ್ತಕ. ಹೊಸ ಹಾಳೆಯ ನೆತ್ತಿಯಲ್ಲಿ “ಅಕ್ಕ” ಎಂದು ಬರೆದು ಅಡಿಗೆರೆ ಎಳೆದ.

“ಹೇಳಿ ಮೇಡಮ್.”

ಅವಳು ಹೇಳಿದಳು. ವಾರಕ್ಕೆ ಎರಡೇ ಸಲ ತೊಳೆಯಬೇಕು, ಉಗುರುಬೆಚ್ಚಗಿನ ನೀರಲ್ಲಿ. ಶಾಂಪೂ ಬುಡಕ್ಕೆ ಮಾತ್ರ, ಕಂಡೀಷನರ್ ಬುಡ ಬಿಟ್ಟು ಕೆಳಗೆ. ಟವಲಿನಲ್ಲಿ ಉಜ್ಜಬಾರದು, ಹಳೆಯ ಹತ್ತಿ ಬನಿಯನ್ನಿನಲ್ಲಿ ಒತ್ತಿ ನೀರು ತೆಗೆಯಬೇಕು. ಒದ್ದೆ ಕೂದಲನ್ನು ಕಟ್ಟಬಾರದು. ಅಗಲ ಹಲ್ಲಿನ ಬಾಚಣಿಗೆ, ಯಾವಾಗಲೂ ತುದಿಯಿಂದ ಮೇಲಕ್ಕೆ. ಮಲಗುವಾಗ ಸಡಿಲ ಜಡೆ, ದಿಂಬಿಗೆ ನುಣುಪಾದ ಕವರ್.

ಅವನು ತಲೆ ಎತ್ತಿದ. “ಎಷ್ಟು ಟೆನ್ಷನ್ ತಡೆಯುತ್ತೆ?”

“ಯಾರು, ನಾನಾ?”

“ಕೂದಲು.”

ಅಕ್ಕ ಕಣ್ಣು ಮುಚ್ಚಿಕೊಂಡು ನಕ್ಕಳು. ಅವನು ಕೆಂಪಾದ. ಆದರೂ ಬಿಡದೆ, ತಾನು ಕೇಳಿದ್ದು ಎಳೆತದ ಟೆನ್ಷನ್ ಎಂದು ವಿವರಿಸಿದ. ಲಿಫ್ಟ್ ಎತ್ತುವ ಉಕ್ಕಿನ ಹಗ್ಗವೂ ಕೂದಲಿನಷ್ಟು ಸಣ್ಣ ತಂತಿಗಳನ್ನು ಹೆಣೆದು ಮಾಡಿದ್ದೇ. ಅದರಲ್ಲಿ ಒಂದು ಎಳೆ ಮುರಿದರೂ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಹತ್ತಿಯ ಬಟ್ಟೆಯನ್ನು ಹಗ್ಗಕ್ಕೆ ಸುತ್ತಿ ಮೆಲ್ಲಗೆ ಜಾರಿಸುತ್ತಾರೆ. ಮುರಿದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. “ಹಾಗೆ ನೋಡಬಹುದಾ ಇದನ್ನೂ?” ಎಂದು ಜೇಬಿನಿಂದ ಒಗೆದ ಕರವಸ್ತ್ರ ತೆಗೆದು, ಅಕ್ಕನ ಒಂದು ಹಿಡಿ ಕೂದಲಿಗೆ ಸುತ್ತಿ, ಉಸಿರಿಗಿಂತ ಹಗುರವಾಗಿ ಕೆಳಗೆ ಜಾರಿಸಿದ. ತುದಿಯಿಂದ ಐದಾರು ಇಂಚು ಮೇಲೆ ಬಟ್ಟೆ ತಡೆಯಿತು. ಅಲ್ಲಿ ಕೂದಲು ಸೀಳಿತ್ತು.

ಅವಳು ಬಗ್ಗಿ ನೋಡಿದಳು. ಕರವಸ್ತ್ರವನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಜಾರಿಸಿ ನೋಡಿದಳು. ಅಲ್ಲೇ ತಡೆಯಿತು.

“ಇದನ್ನ ನಂಗೆ ಯಾರೂ ಹೇಳಿಕೊಟ್ಟಿರಲಿಲ್ಲ,” ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಮೂರನೇ ದಿನದಿಂದ ಮೆಸೇಜುಗಳು ಬರತೊಡಗಿದವು. ಮೊದಮೊದಲು ಕಚೇರಿ ಪತ್ರದಂತೆ. “ಮೇಡಮ್, ಇಂದು ತೊಳೆಯಲಾಯಿತು. ಬಾಚಣಿಗೆಯಲ್ಲಿ ಬಂದ ಕೂದಲಿನ ಫೋಟೋ ಕಳಿಸಿದ್ದೇನೆ. ಇದು ಜಾಸ್ತಿಯೇ?”

“ದಿನಕ್ಕೆ ನೂರರ ತನಕ ಉದುರೋದು ಸಹಜ. ಗಾಬರಿಯಾಗಬೇಡಿ.”

“ನಾನು ಆಗಿಲ್ಲ. ಅಕ್ಕ ಆಗಿದ್ದಾರೆ.” ಎರಡು ನಿಮಿಷದ ಮೇಲೆ, “ನಾನೂ ಸ್ವಲ್ಪ ಆಗಿದ್ದೇನೆ.”

ಅವನು ಸಲೂನಿನಿಂದ ಹತ್ತು ಮೈಲಿ ದೂರದ ಯಾವುದೋ ಆಫೀಸ್ ಕಟ್ಟಡದ ನೆತ್ತಿಯಲ್ಲಿ, ಮೋಟಾರಿನ ಕೋಣೆಯಲ್ಲಿ ಕೂತು ಊಟದ ಹೊತ್ತಿಗೆ ಬರೆಯುತ್ತಿದ್ದ. ಅವಳು ಎರಡು ಗಿರಾಕಿಗಳ ನಡುವೆ ಓದುತ್ತಿದ್ದಳು. ಜಡೆ ಹೆಣೆಯುವುದನ್ನು ಕಲಿಯಲು ಅವನು ಮೂರು ಎಳೆ ವೈರನ್ನು ಮೇಜಿಗೆ ಕಟ್ಟಿ ಅಭ್ಯಾಸ ಮಾಡಿದ್ದ; ಅದರ ಫೋಟೋ ಬಂತು. ಕೆಂಪು, ಹಳದಿ, ನೀಲಿ ವೈರಿನ ಜಡೆ, ತುದಿಯಲ್ಲಿ ಟೇಪು. ಅವಳು ಅದನ್ನು ಯಾರಿಗೂ ತೋರಿಸಲಿಲ್ಲ, ಅಳಿಸಲೂ ಇಲ್ಲ.

ಒಮ್ಮೆ ಬರೆದ: “ಇವತ್ತು ಅಕ್ಕನ ಕೂದಲು ಬಿಸಿಲಲ್ಲಿ ಒಣಗುತ್ತಿತ್ತು. ಬಿಳಿ ಕೂದಲೊಂದನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಬೆಳಕು ಹೋಗುತ್ತದೆ ಮೇಡಮ್. ಗಾಜಿನ ಹಾಗೆ. ನಿಮಗೆ ಗೊತ್ತಿತ್ತಾ?”

ಗೊತ್ತಿತ್ತು. ಕೆಲಸ ಕಲಿತ ಮೊದಲ ವರ್ಷ ಅವಳೂ ಹಾಗೆ ಹಿಡಿದು ನೋಡಿ ಬೆರಗಾಗಿದ್ದಳು. ಆಮೇಲೆ ಯಾವಾಗ ನೋಡುವುದನ್ನು ಬಿಟ್ಟಳೋ ನೆನಪಿರಲಿಲ್ಲ. ಅಂದು ಮಧ್ಯಾಹ್ನ ಗುಡಿಸುವಾಗ ನೆಲದಿಂದ ಯಾರದೋ ಬಿಳಿ ಕೂದಲೊಂದನ್ನು ಎತ್ತಿ ಕಿಟಕಿಗೆ ಹಿಡಿದಳು. ಹೌದು, ಗಾಜಿನ ಹಾಗೆಯೇ ಇತ್ತು.

ನಲವತ್ತನೆಯ ದಿನ ಅಕ್ಕ ಬಂದು ಕೂತಾಗ ಕೂದಲು ಬೆನ್ನ ಮೇಲೆ ನಿಧಾನವಾಗಿ, ತನ್ನ ತೂಕ ತನಗೆ ಗೊತ್ತಿರುವ ವಸ್ತುವಿನಂತೆ ಇಳಿಯಿತು. ಒಂದೂ ಸಿಕ್ಕು ಇರಲಿಲ್ಲ. ಅವಳು ಬಾಚಣಿಗೆ ಇಟ್ಟಳು. ಅದು ಬುಡದಿಂದ ತುದಿಯವರೆಗೆ ತಾನಾಗಿ ಜಾರಿ ಕೆಳಗೆ ಬಿತ್ತು.

“ಇಷ್ಟು ಚೆನ್ನಾಗಿ ನಾನೂ ನೋಡ್ಕೋತಿರಲಿಲ್ಲ,” ಎಂದಳು ಮೆಲ್ಲಗೆ.

“ಇವನು ಬರೀ ಕೂದಲು ನೋಡ್ಕೊಂಡಿದ್ದಾನೆ ಅಂದ್ಕೊಂಡ್ಯಾ?” ಎಂದಳು ಅಕ್ಕ. “ದಿನಾ ಎರಡು ಸಲ ನಿನ್ನ ಮೆಸೇಜ್ ಓದಿ ಹೇಳ್ತಾನೆ. ಕಂಡೀಷನರ್ ಬಗ್ಗೆ ಇಷ್ಟು ಭಾವ ತುಂಬಿ ಓದೋರನ್ನ ನಾನು ನೋಡಿಲ್ಲ.”

“ಅಕ್ಕ.”

“ಏನಕ್ಕ? ಕೈ ಕಟ್ಟಿದ್ದಾರೆ, ಬಾಯಿ ಕಟ್ಟಿಲ್ಲ.”

ಅವಳು ಬಿದ್ದ ಬಾಚಣಿಗೆ ಎತ್ತಿಕೊಳ್ಳಲು ಥಟ್ಟನೆ ಬಗ್ಗಿದಳು. ಬಗ್ಗಿದಾಗ ತಲೆಗೆ ಕಟ್ಟಿದ್ದ ಸ್ಕಾರ್ಫ್ ಹಿಂದಿನಿಂದ ಸ್ವಲ್ಪ ಜಾರಿತು. ಕೂಡಲೇ ಒಂದು ಕೈಯಿಂದ ಸರಿಮಾಡಿಕೊಂಡು ಎದ್ದು, ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ನೋಡಿದಳು. ಅಕ್ಕ ತನ್ನ ಪ್ಲಾಸ್ಟರ್ ನೋಡಿಕೊಳ್ಳುತ್ತಿದ್ದಳು. ಅವನು ಕಿಟಕಿಯ ಕಡೆ ತಿರುಗಿದ್ದ.

ಆ ಸ್ಕಾರ್ಫುಗಳನ್ನು ಗಿರಾಕಿಗಳು ಅವಳ ಸ್ಟೈಲ್ ಎಂದುಕೊಂಡಿದ್ದರು. ದಿನಕ್ಕೊಂದು ಬಣ್ಣ. ಕೆಲವರು ಎಲ್ಲಿ ಸಿಗುತ್ತದೆ ಎಂದು ಕೇಳಿ ತಾವೂ ಕೊಂಡಿದ್ದರು. ಅದರ ಕೆಳಗೆ, ಹಿಂತಲೆಯಲ್ಲಿ ಕತ್ತಿನ ಮೇಲ್ಭಾಗಕ್ಕೆ, ಅಂಗೈ ಅಗಲದಷ್ಟು ಜಾಗದಲ್ಲಿ ಮೂರು ವರ್ಷದಿಂದ ಒಂದು ಕೂದಲೂ ಇರಲಿಲ್ಲ. ದೇಹ ತನ್ನದೇ ಕೂದಲಿನ ಬೇರನ್ನು ಶತ್ರು ಎಂದು ತಪ್ಪು ತಿಳಿಯುವ ಕಾಯಿಲೆ ಎಂದಿದ್ದರು ಡಾಕ್ಟರು. ಯಾರಿಗೂ ಅಂಟುವುದಿಲ್ಲ. ಬರಬಹುದು, ಹೋಗಬಹುದು, ಮತ್ತೆ ಬರಬಹುದು. ಆಗ ಅವಳಿಗೆ ಮದುವೆ ಗೊತ್ತಾಗಿತ್ತು. ಗಂಡಿನ ತಾಯಿ ಒಂದು ದಿನ ಪ್ರೀತಿಯಿಂದ ತಲೆ ನೇವರಿಸಲು ಬಂದವರು ಕೈಯನ್ನು ಹಿಂದಕ್ಕೆ ಎಳೆದುಕೊಂಡಿದ್ದರು. ಮರುದಿನ ಫೋನ್ ಬಂತು, ಮದುವೆ ನಿಂತಿತು. ಆ ಮನೆಯವರ ಮಾತನ್ನು ಅವಳು ಮರೆತಿದ್ದಳು. ಹಿಂದಕ್ಕೆ ಹೋದ ಆ ಕೈಯನ್ನು ಮಾತ್ರ ಮರೆಯಲಾಗಿರಲಿಲ್ಲ.

ದೀಪದ ಬುಡದಲ್ಲೇ ಕತ್ತಲು ಎಂದು ತನ್ನಷ್ಟಕ್ಕೆ ಹೇಳಿಕೊಂಡು ನಗುತ್ತಿದ್ದಳು. ಮೊದಲೆರಡು ವರ್ಷ ಎರಡು ಕನ್ನಡಿ ಹಿಡಿದು ದಿನವೂ ಹಿಂದೆ ನೋಡಿಕೊಂಡಿದ್ದಳು, ಮುಲಾಮು ಹಚ್ಚಿದ್ದಳು. ಒಂದು ದಿನ ಸಾಕೆನಿಸಿತು. ಎರಡನೆಯ ಕನ್ನಡಿಯನ್ನು ಗಿರಾಕಿಗಳಿಗೆ ಮಾತ್ರ ಬಳಸತೊಡಗಿದಳು.

ಮೂರನೇ ಸಲ ಬಂದಾಗ ಅಕ್ಕನ ಕೈ ಎರಡೂ ಬಿಡುಗಡೆಯಾಗಿದ್ದವು. ಬಲಗೈಯನ್ನು ತಲೆಯವರೆಗೆ ಎತ್ತಿ ತೋರಿಸಿ, ಎತ್ತಿದ ಕೈಯಿಂದಲೇ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. ತುದಿ ಸೀಳಿ, ಬಣ್ಣಗೆಟ್ಟು, ಹಳೆಯ ಹಗ್ಗದ ಕುಚ್ಚಿನಂತಾಗಿತ್ತು.

“ಇದನ್ನ ತೆಗೆದುಬಿಡಮ್ಮ. ಆರಿಂಚು.”

ಅವಳ ಕೈಯ ಕತ್ತರಿ ನಿಂತಿತು. ತಮ್ಮನೂ ಎದ್ದು ನಿಂತ.

“ಅಕ್ಕ, ಅದು…”

“ಗೊತ್ತು ಕಣೋ ಅದೇನು ಅಂತ. ಅಮ್ಮ ಇದ್ದಿದ್ರೆ ಏನಂತಿದ್ಲು? ತುದಿ ಸೀಳಿದ ಕೂದಲು ನೇತಾಡಿಸ್ಕೊಂಡು ಶಾಲೆಗೆ ಹೋಗ್ತೀಯಾ, ಮಕ್ಕಳು ಏನಂದ್ಕೋತಾರೆ ಅಂತಿದ್ಲು. ನಾಲ್ಕು ವರ್ಷ ಇಟ್ಕೊಂಡಿದ್ದು ಸಾಕು. ನೀನು ಎರಡೂವರೆ ತಿಂಗಳು ನೋಡ್ಕೊಂಡಿದ್ದೂ ಸಾಕು.”

ಅವಳು ಕತ್ತರಿಸಿದಳು. ಅಷ್ಟು ನಿಧಾನವಾಗಿ ಅವಳು ಯಾವತ್ತೂ ಕತ್ತರಿಸಿರಲಿಲ್ಲ. ಆರು ಇಂಚಿನ ಕೂದಲು ನೆಲಕ್ಕೆ ಬೀಳುವಾಗ ಸದ್ದೇ ಆಗಲಿಲ್ಲ.

“ಎತ್ತಿ ಕೊಡ್ಲಾ ಟೀಚರಕ್ಕ?”

“ಬೇಡಮ್ಮ. ಗುಡಿಸು.” ಅಕ್ಕನ ಕಣ್ಣು ತುಂಬಿತ್ತು, ಬೆನ್ನು ಮಾತ್ರ ನೆಟ್ಟಗೇ ಇತ್ತು.

ಅಕ್ಕ ಮುಖ ತೊಳೆಯಲು ಒಳಗೆ ಹೋದಾಗ ಅವನು ಕೌಂಟರಿನ ಹತ್ತಿರ ಬಂದು ನಿಂತ. ಅಲ್ಲಿದ್ದ ಕ್ಲಿಪ್ಪುಗಳನ್ನು ದೊಡ್ಡದು ಚಿಕ್ಕದು ನೋಡಿ ಸಾಲಾಗಿ ಜೋಡಿಸಿದ. ಜೋಡಿಸಿದ್ದನ್ನು ಕೆಡಿಸಿದ.

“ಇನ್ಮೇಲೆ ಅಕ್ಕ ತಾನೇ ಬಾಚ್ಕೋತಾರೆ,” ಎಂದ. “ನಂಗೆ ಬರೋಕೆ ನೆಪ ಇಲ್ಲ.”

ಅವಳು ಕತ್ತರಿ ಒರೆಸಿ ಡ್ರಾಯರಿಗೆ ಹಾಕಿದಳು.

“ನೆಪ ಇಲ್ದೇನೂ ಬರಬಹುದಾ ಅಂತ ಕೇಳೋಣ ಅಂದ್ಕೊಂಡೆ.”

ಆ ಮಾತಿಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳೆಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅದರ ಹಿಂದೆಯೇ ಬಂದದ್ದು ಭಯ. ಅವಳ ಕೈ ತಾನಾಗಿಯೇ ಸ್ಕಾರ್ಫಿನ ಗಂಟಿಗೆ ಹೋಯಿತು.

“ಅಕ್ಕನ ಕೂದಲು ಚೆನ್ನಾಗಾಗಿದೆ. ಇನ್ನು ಮೆಸೇಜ್ ಏನೂ ಬೇಕಾಗಲ್ಲ,” ಎಂದಳು. ಆ ದನಿ ಅವಳ ಕಿವಿಗೇ ಬೇರೆ ಯಾರದೋ ಅನಿಸಿತು.

ಅವನು ಒಂದು ಸಲ ತಲೆಯಾಡಿಸಿದ. “ಸರಿ ಮೇಡಮ್,” ಎಂದ. ಅಕ್ಕನನ್ನು ಕರೆದುಕೊಂಡು ಲಿಫ್ಟಿನ ಕಡೆ ಹೋದ.

ಹನ್ನೊಂದು ದಿನ ಮೆಸೇಜ್ ಬರಲಿಲ್ಲ. ಊಟದ ಹೊತ್ತಿಗೆ ಅವಳ ಕೈ ಫೋನಿನತ್ತ ಹೋಗಿ ಬರಿದೇ ಬರುತ್ತಿತ್ತು. ಹನ್ನೆರಡನೇ ದಿನ ಅಕ್ಕನ ಫೋನ್ ಬಂತು.

“ಏನಮ್ಮ, ನನ್ನ ತಮ್ಮನಿಗೆ ಏನು ಮಾಡಿ ಕಳಿಸಿದೆ? ಎರಡು ಮಹಡಿ ಮಧ್ಯೆ ಸಿಕ್ಕಿಕೊಂಡ ಲಿಫ್ಟಿನ ಥರ ಆಗಿದ್ದಾನೆ. ಮೇಲೂ ಇಲ್ಲ, ಕೆಳಗೂ ಇಲ್ಲ.”

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

ಅಕ್ಕನ ದನಿ ಮೆತ್ತಗಾಯಿತು. “ಬೇಡ ಅಂದ್ರೆ ಬೇಡ ಅಂತ ಹೇಳು. ಅದಕ್ಕೂ ಒಂದು ಮರ್ಯಾದೆ ಇದೆ. ನಮ್ಮ ಹುಡುಗ ತಡ್ಕೋತಾನೆ. ಆದ್ರೆ ಬೇಕು ಅಂತಿದ್ದೂ ಬೇಡ ಅಂದ್ರೆ, ಅದು ಯಾರಿಗೂ ಒಳ್ಳೇದಲ್ಲ ಕಣಮ್ಮ. ಮೂವತ್ತು ವರ್ಷ ಮಕ್ಕಳ ಮುಖ ನೋಡಿದ್ದೀನಿ. ಉತ್ತರ ಗೊತ್ತಿದ್ದೂ ಕೈ ಎತ್ತದ ಮಕ್ಕಳು ಹೇಗಿರ್ತಾರೆ ಅಂತ ನಂಗೆ ಗೊತ್ತು.”

ಸಲೂನಿಗೂ ಶಾಲೆ ಆಫೀಸುಗಳಿಗೂ ರಜೆ ಇದ್ದ ಮಂಗಳವಾರ ಮಧ್ಯಾಹ್ನ ಅವಳು ಅವರ ಮನೆಗೆ ಹೋದಳು. ಅಕ್ಕ ಬಾಗಿಲು ತೆಗೆದು, ಅವಳ ಮುಖ ನೋಡಿ, ಏನೂ ಕೇಳದೆ ಬಾಲ್ಕನಿಯ ಕಡೆ ಕೈ ತೋರಿಸಿ ಅಡುಗೆಮನೆಗೆ ನಡೆದಳು. ಅವನು ಅಲ್ಲಿ ನೆಲದ ಮೇಲೆ ಕೂತು ಫ್ಯಾನ್ ಬಿಚ್ಚಿಕೊಂಡಿದ್ದ. ಅವಳನ್ನು ನೋಡಿ ಎದ್ದ. ಮಡಿಲಲ್ಲಿದ್ದ ಸ್ಕ್ರೂಗಳೆಲ್ಲ ಉರುಳಿ ಹೋದವು.

“ನೀವು ಎತ್ಕೋಬೇಡಿ,” ಎಂದಳು. “ನಾನು ಒಂದು ತೋರಿಸೋಕೆ ಬಂದಿದ್ದೀನಿ. ನೋಡಿದ್ಮೇಲೆ ನೀವು ಏನಂದ್ರೂ ಪರವಾಗಿಲ್ಲ. ಏನೂ ಅನ್ನದೆ ಇದ್ರೂ ಪರವಾಗಿಲ್ಲ. ಹೊರಟುಹೋಗ್ತೀನಿ.”

ಇಷ್ಟನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಅವನಿಗೆ ಬೆನ್ನು ಮಾಡಿ ನಿಂತು ಸ್ಕಾರ್ಫಿನ ಗಂಟು ಬಿಚ್ಚಿದಳು. ಕೂದಲನ್ನು ಎರಡು ಭಾಗ ಮಾಡಿ ಮುಂದಕ್ಕೆ ಎಳೆದುಕೊಂಡು ತಲೆ ಬಾಗಿಸಿದಳು. ಹಿಂತಲೆಗೆ ಬಿಸಿಲು ತಾಗಿತು. ಮೂರು ವರ್ಷದಲ್ಲಿ ಆ ಜಾಗಕ್ಕೆ ಬಿಸಿಲು ಬಿದ್ದದ್ದು ಅದೇ ಮೊದಲು. ಅದು ಎಷ್ಟು ಬೆಚ್ಚಗಿದೆ ಎಂದು ಅವಳಿಗೆ ಆಶ್ಚರ್ಯವಾಯಿತು.

“ನಂಗೆ ಗೊತ್ತಿತ್ತು,” ಎಂದ ಅವನು.

ಅವಳು ತಿರುಗಲಿಲ್ಲ. “ಯಾವಾಗಿಂದ?”

“ಅವತ್ತು ನೀವು ಬಾಚಣಿಗೆ ಎತ್ಕೋಳೋಕೆ ಬಗ್ಗಿದಾಗ. ನಿಮ್ಮ ಸಲೂನ್ ತುಂಬ ಕನ್ನಡಿ.”

“ಗೊತ್ತಿದ್ದೂ ನೆಪ ಇಲ್ದೆ ಬರಬಹುದಾ ಅಂತ ಕೇಳಿದ್ರಾ?”

“ಗೊತ್ತಿತ್ತಲ್ಲ, ಅದಕ್ಕೇ ಕೇಳೋಕೆ ಅಷ್ಟು ದಿನ ತಗೊಂಡೆ. ನೀವು ಮುಚ್ಚಿಟ್ಟಿರೋದನ್ನ ನಾನು ನೋಡಿಬಿಟ್ಟಿದ್ದೀನಿ ಅನ್ನೋದು ಸರಿ ಅನಿಸ್ತಿರಲಿಲ್ಲ. ನೀವೇ ಹೇಳೋವರೆಗೆ ಅದು ನಿಮ್ಮದು.” ಸ್ವಲ್ಪ ತಡೆದು ಹೇಳಿದ. “ಅವತ್ತು ಅಕ್ಕನ ಕೂದಲಿಗೆ ಮೂಗು ಇಟ್ಟು ನೋಡಿದ್ರಲ್ಲ. ಬೇರೆಯವರೆಲ್ಲ ಮುಖ ಸಿಂಡರಿಸಿದ್ರು. ನಾನು ಅವತ್ತೇ ನಿಮಗೆ ಸೋತುಹೋಗಿದ್ದೆ ಮೇಡಮ್.”

ಅವಳ ಕಣ್ಣಿನಿಂದ ನೀರು ನೇರವಾಗಿ ನೆಲಕ್ಕೆ ಬಿತ್ತು, ತಲೆ ಬಾಗಿದ್ದರಿಂದ ಕೆನ್ನೆಯನ್ನೂ ಮುಟ್ಟಲಿಲ್ಲ. ಸ್ಕಾರ್ಫ್ ಕಟ್ಟಿಕೊಳ್ಳಲು ಕೈ ಎತ್ತಿದಳು.

“ಒಂದ್ನಿಮಿಷ. ಅಲ್ಲಾಡಬೇಡಿ.”

ಅವನು ಹತ್ತಿರ ಬಂದದ್ದು ಗೊತ್ತಾಯಿತು. ಒಂದು ಕಡೆಯಿಂದ ನೋಡಿದ, ಇನ್ನೊಂದು ಕಡೆಗೆ ಹೋಗಿ ನೋಡಿದ. ಬಿಸಿಲಿಗೆ ಅಡ್ಡವಾಗದಂತೆ ಮಂಡಿಯೂರಿ ಕೂತು ಕೆಳಗಿನಿಂದ ನೋಡಿದ. ಅವನ ಉಸಿರು ನಿಂತಿತ್ತು.

“ಇಲ್ಲಿ ನೀವು ನೋಡ್ಕೊಂಡಿದ್ದು ಯಾವಾಗ?”

“ವರ್ಷ ಆಯ್ತು. ಯಾಕೆ?”

“ಇಲ್ಲಿ ಕೂದಲಿದೆ.”

“ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ.”

“ನಾನು ಸಮಾಧಾನಕ್ಕೆ ಲಿಫ್ಟ್ ಸರಿ ಇದೆ ಅಂತ ಹೇಳೋನಲ್ಲ. ಬೆಳ್ಳಗಿದೆ. ತುಂಬ ಸಣ್ಣ. ಎದುರಿಂದ ನೋಡಿದ್ರೆ ಕಾಣಲ್ಲ, ಬಿಸಿಲು ಪಕ್ಕದಿಂದ ಬಿದ್ರೆ ಮಾತ್ರ… ಹತ್ತಿಪ್ಪತ್ತಿದೆ. ಅಲ್ಲ, ಇನ್ನೂ ಇದೆ. ಮೇಲೂ ಇದೆ. ಒಳಗೆ ಬೆಳಕು ಹೋಗ್ತಿದೆ.” ಅವನ ದನಿ ಪಿಸುಮಾತಿಗಿಳಿದಿತ್ತು, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವವನಂತೆ. “ಯಾರೂ ನೋಡ್ತಾ ಇರಲಿಲ್ಲ. ನೀವೂ ನೋಡ್ಲಿಲ್ಲ. ತಾವಾಗೇ ಬಂದಿವೆ.”

ಅಲ್ಲೇ ನೆಲದ ಮೇಲೆ, ಉರುಳಿದ ಸ್ಕ್ರೂಗಳ ನಡುವೆ ಕೂತಳು. ಹೊಸ ಕೂದಲು ಹಾಗೆಯೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು: ಮೊದಲು ಬಣ್ಣವಿಲ್ಲದೆ, ಧೂಳಿನಷ್ಟು ಹಗುರವಾಗಿ. ಎಷ್ಟೋ ಜನರಿಗೆ ಅವಳೇ ಹೇಳಿದ್ದಳು.

“ಕೇಳಿ,” ಎಂದಳು, ದನಿ ಗಟ್ಟಿ ಮಾಡಿಕೊಂಡು. “ಇದು ಉಳಿಯುತ್ತೆ ಅಂತ ಇಲ್ಲ. ಬರುತ್ತೆ, ಮತ್ತೆ ಬಿದ್ದುಹೋಗುತ್ತೆ. ನಾಳೆ ಬೇರೆ ಕಡೆ ಹೋಗಬಹುದು. ಎಲ್ಲಾನೂ ಹೋಗಬಹುದು. ಇದನ್ನ ನೋಡಿ ನೀವು ಸಂತೋಷಪಡಬೇಡಿ.”

“ಬಿದ್ರೆ ಬೀಳಲಿ. ಬಿದ್ದಿದ್ದನ್ನೂ ನಾನೇ ನೋಡ್ತೀನಿ, ಬಂದಿದ್ದನ್ನೂ ನಾನೇ ನೋಡ್ತೀನಿ. ನೀವು ಹಿಂದೆ ತಿರುಗಿ ನೋಡ್ಕೋಳೋಕಾಗಲ್ವಲ್ಲ.” ಅವನು ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡ. “ಮುಟ್ಟಲಾ?”

ಅವಳು ಹೂಂ ಎಂದಳು. ಮೈಯೆಲ್ಲ ಬಿಗಿಯಾಯಿತು. ಹಿಂದಕ್ಕೆ ಹೋಗುವ ಕೈಗಾಗಿ ಅವಳ ಕುತ್ತಿಗೆ ಕಾಯುತ್ತಿತ್ತು.

ಕೈ ಬಂತು. ಬೆರಳ ತುದಿಗಳು ಮೊದಲು, ಆಮೇಲೆ ಇಡೀ ಅಂಗೈ. ಗ್ರೀಸು, ಕಬ್ಬಿಣ, ಹಗ್ಗ ಎಳೆದು ದಡ್ಡುಗಟ್ಟಿದ ಆ ಅಂಗೈ ಆ ಜಾಗವನ್ನು ಪೂರ್ತಿ ಮುಚ್ಚಿಕೊಂಡು, ಅಲ್ಲೇ ನಿಂತಿತು. ಸಾವಿರಾರು ತಲೆಗಳನ್ನು ಮುಟ್ಟಿದವಳು ಅವಳು. ಮುಟ್ಟಿಸಿಕೊಂಡ ತಲೆಗೆ ಹೀಗನಿಸುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ನೆತ್ತಿಯಿಂದ ಬೆನ್ನಿನವರೆಗೆ ಏನೋ ಸಡಿಲವಾಗುತ್ತಾ, ಬಿಚ್ಚಿಕೊಳ್ಳುತ್ತಾ ಇಳಿಯಿತು. ಅವಳು ಕಣ್ಣು ಮುಚ್ಚಿ ಭಾರವನ್ನೆಲ್ಲ ಆ ಕೈಗೆ ಒರಗಿಸಿದಳು.

“ಚಹಾ ಆರಿಹೋಗ್ತಿದೆ,” ಎಂದಿತು ಒಳಗಿನಿಂದ ಅಕ್ಕನ ದನಿ. “ಬರಲಾ, ಇಲ್ಲಾ ನಾನೇ ಎರಡು ಲೋಟ ಕುಡಿದುಬಿಡ್ಲಾ?”

“ಕುಡಿದುಬಿಡಿ ಟೀಚರಕ್ಕ,” ಎಂದಳು ಅವಳು, ಕಣ್ಣು ತೆರೆಯದೆ.

ಒಳಗೆ ಅಕ್ಕ ನಕ್ಕದ್ದು ಕೇಳಿಸಿತು. ಬಾಲ್ಕನಿಯ ಬಿಸಿಲು ಸ್ವಲ್ಪ ವಾಲಿ, ಇನ್ನಷ್ಟು ಪಕ್ಕದಿಂದ ಬೀಳತೊಡಗಿತು. ಅವನು ಕೈ ತೆಗೆದು ಮತ್ತೆ ಬಗ್ಗಿದ. ಅವನ ಉಸಿರಿಗೆ ಆ ಬಿಳಿ ಎಳೆಗಳು ಅಲುಗಿರಬೇಕು, ಅವಳಿಗೆ ಕಚಗುಳಿಯಾಯಿತು.

“ಎಷ್ಟಿದೆ?” ಎಂದಳು.

“ಮೂವತ್ತನಾಲ್ಕು. ಒಂದು ತಪ್ಪಿರಬಹುದು.”

ಅವಳಿಗೆ ಯಾವ ಆತುರವೂ ಇರಲಿಲ್ಲ. ಇಡೀ ಮಧ್ಯಾಹ್ನ ಬಾಕಿ ಇತ್ತು. ತಲೆಯನ್ನು ಇನ್ನೂ ಸ್ವಲ್ಪ ಬಾಗಿಸಿ, ಅವನನ್ನು ಮೊದಲ ಸಲ ಏಕವಚನದಲ್ಲಿ ಕರೆದಳು.

“ಇನ್ನೊಂದು ಸಲ ಎಣಿಸು.”